ಕಾರೊಳಗೆ ಹಾಕಿದ ಆಂಬಿಯೆಂಟ್ ಲೈಟ್ ಕೈ ಕೊಡ್ತಿದ್ಯಾ? ಸ್ಟ್ರಿಪ್ ಕೀಳೋ ಮುಂಚೆ ಇಷ್ಟು ನೋಡಿ

ಆಂಬಿಯೆಂಟ್ ಲೈಟ್ ಕಿಟ್ (ಡ್ಯಾಶ್, ಡೋರ್, ಕಾಲಡಿ ಬಣ್ಣದ ಬೆಳಕು ಕೊಡೋ ಎಲ್‌ಇಡಿ ಪಟ್ಟಿ, ಅಂದ್ರೆ ಸ್ಟ್ರಿಪ್) ತಾವೇ ಹಾಕ್ಕೊಂಡಿರೋ ಯಾವ ಕಾರಾದ್ರೂ ತಗೊಳ್ಳಿ, ಬರೋ ಕಂಪ್ಲೇಂಟ್ ಹೆಚ್ಚುಕಮ್ಮಿ ಅವೇ. ಶುರುನಲ್ಲಿ ಚೆನ್ನಾಗಿ ಉರಿಯತ್ತೆ, ಆಮೇಲೆ ಒಂದ್ ಕಡೆ ಮೂರು ಎಲ್‌ಇಡಿ ಆಫ್, ಡೋರ್ ತೆಗೆದ್ರೆ ಹೋಗತ್ತೆ ಹಾಕಿದ್ರೆ ಬರತ್ತೆ, ಎಫ್‌ಎಂ ಹಾಕಿದ್ರೆ ಗೊರಗೊರ ಅನ್ನತ್ತೆ, ಗಾಡಿ ನಿಲ್ಲಿಸಿ ಊರಿಗೆ ಹೋಗಿ ಬಂದ್ರೆ ಬ್ಯಾಟರಿ ಡೌನ್. ಅಂಗಡಿಗೆ ತಗೊಂಡು ಹೋದ್ರೆ "ಸ್ಟ್ರಿಪ್ ಹೋಗಿದೆ ಸಾರ್, ಬೇರೆ ಹಾಕ್ಸಿಬಿಡಿ" ಅಂತಾರೆ, ಹಾಕಿಸ್ತೀವಿ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ನಾನು ಬಿಚ್ಚಿ ನೋಡಿರೋ ಕಾರುಗಳಲ್ಲಿ ಸ್ಟ್ರಿಪ್ ತಾನಾಗೇ ಕೆಟ್ಟಿದ್ದು ಬಹಳ ಕಮ್ಮಿ. ತೊಂದರೆ ಇರೋದು ಕರೆಂಟ್ ಅಲ್ಲಿಗೆ ಹೋಗೋ ದಾರೀಲಿ, ಇಲ್ಲಾಂದ್ರೆ ಅಲ್ಲಿಂದ ವಾಪಸ್ ಬರೋ ದಾರೀಲಿ. ಹಾಗಾಗಿ ಫ್ಯೂಸ್ ಬಾಕ್ಸಿಂದ ಶುರು ಮಾಡಿ ಸ್ಟ್ರಿಪ್ ಕಡೆಗೆ ಬನ್ನಿ, ಉಲ್ಟಾ ಹೋಗಬೇಡಿ.

ಕೈ ಹಾಕೋ ಮುಂಚೆ

ಮಲ್ಟಿಮೀಟರ್ ಬೇಕೇ ಬೇಕು, ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಸಿಗೋ ಅಗ್ಗದ ಹಳದಿ ಮೀಟರ್ರೇ ಸಾಕು. ಇನ್ನೊಂದು, 12 ವೋಲ್ಟ್ 21 ವ್ಯಾಟ್‌ನ ಹಳೇ ಇಂಡಿಕೇಟರ್ ಬಲ್ಬು ಇದ್ರೆ ಅದಕ್ಕೆ ಎರಡು ವೈರ್ ಬೆಸುಗೆ ಹಾಕಿ ಇಟ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಟ್ರಿಮ್ ಕೀಳೋಕೆ ಪ್ಲಾಸ್ಟಿಕ್ ಟೂಲ್ ಇಟ್ಕೊಳ್ಳಿ, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಪ್ಯಾನೆಲ್ ಮೇಲೆ ಗಾಯ ಆಗಿಹೋಗತ್ತೆ.

ಏರ್‌ಬ್ಯಾಗ್ ವಿಷಯದಲ್ಲಿ ಮಾತ್ರ ಯಾವ ರಾಜಿನೂ ಬೇಡ. ಹಳದಿ ಕನೆಕ್ಟರ್, ಹಳದಿ ಸ್ಲೀವ್ ಹಾಕಿರೋ ವೈರ್ ಕಂಡ್ರೆ ಅಲ್ಲಿಗೆ ಕೈ ನಿಲ್ಲಿಸಿ. ಅದನ್ನ ಕೀಳೋದಿರಲಿ, ಮೀಟರ್ ಪಿನ್ನೂ ತಾಗಿಸಬಾರದು. ಕರ್ಟನ್ ಏರ್‌ಬ್ಯಾಗ್ (ಕಿಟಕಿ ಮೇಲಿಂದ ಪರದೆ ಥರ ಇಳಿಯೋದು) ಇರೋ ಕಾರಲ್ಲಿ ಎ ಪಿಲ್ಲರ್ (ಮುಂದಿನ ಗ್ಲಾಸ್ ಪಕ್ಕದ ಕಂಬ) ಒಳಗಿಂದ ಬ್ಯಾಗ್ ಮೇಲೆ ವೈರ್ ಎಳೆಯೋದು, ಸೀಟ್ ಪಕ್ಕದಲ್ಲಿ ಏರ್‌ಬ್ಯಾಗ್ ಇರೋ ಕಾರಲ್ಲಿ ಅಲ್ಲೇ ಸ್ಟ್ರಿಪ್ ಅಂಟಿಸೋದು ಎರಡೂ ತಪ್ಪು, ಬ್ಯಾಗ್ ಬಿಚ್ಚಿಕೊಳ್ಳೋ ಕ್ಷಣದಲ್ಲಿ ಅಡ್ಡ ಇದ್ದದ್ದೆಲ್ಲ ಒಳಗೆ ಕೂತವರ ಮೇಲೇ ಬರತ್ತೆ. ಆಗಲೇ ಯಾರಾದ್ರೂ ಹಾಗೆ ಹಾಕಿಟ್ಟಿದ್ರೆ ಲೈಟ್ ಸರಿಯಾಗಿ ಉರೀತಿದ್ರೂ ಮೊದಲು ಅದನ್ನ ತೆಗೆಸಿ. ಹಾಗೇ ಡ್ರೈವರ್ ಕಾಲಡಿ ನೇತಾಡೋ ವೈರ್ ನೋಡಿ, ಬ್ರೇಕ್ ಪೆಡಲ್ ಹಿಂದೆ ಒಂದು ಸುತ್ತು ಸಡಿಲ ವೈರ್ ಇದ್ರೂ ಅಪಾಯ, ಜಿಪ್ ಟೈ ಹಾಕಿ ಮೇಲಕ್ಕೆ ಕಟ್ಟಿ.

ಒಂದೂ ಉರೀತಿಲ್ಲ ಅಂದ್ರೆ

ಕೀ ಎಸಿಸಿಗೆ (ಇಂಜಿನ್ ಸ್ಟಾರ್ಟ್ ಆಗದೇ ಸ್ಟೀರಿಯೋ ಮಾತ್ರ ಬರೋ ಜಾಗ) ತಿರುಗಿಸಿ, ಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಮೊದಲು ಫ್ಯೂಸ್ ಟ್ಯಾಪ್‌ನಿಂದ (ಕಾರಿನ ಫ್ಯೂಸ್ ಜಾಗದಲ್ಲಿ ಕೂತು, ಹಳೇ ಫ್ಯೂಸ್ ಜೊತೆ ಇನ್ನೊಂದು ಫ್ಯೂಸ್ ಹಾಕಿ ಹೊಸ ವೈರ್‌ಗೆ ಕರೆಂಟ್ ಕೊಡೋ ಅಡಾಪ್ಟರ್) ಬರೋ ವೈರ್‌ಗೂ ಒಳ್ಳೆ ಬಾಡಿ ಅರ್ಥ್‌ಗೂ (ಬ್ಯಾಟರಿ ಮೈನಸ್ ಸೇರಿರೋ ಕಾರಿನ ಬರೀ ಲೋಹಕ್ಕೂ) ನಡುವೆ ಅಳೀರಿ. ಇಂಜಿನ್ ಆಫ್ ಇದ್ರೆ 12.3ರಿಂದ 12.6 ತೋರಿಸ್ಬೇಕು, ಸ್ಟಾರ್ಟ್ ಮಾಡಿದ್ರೆ 13.8ರಿಂದ 14.4. ಏನೂ ತೋರಿಸ್ಲಿಲ್ವಾ, ಟ್ಯಾಪ್ ಹತ್ರಾನೇ ತೊಂದರೆ. ಫ್ಯೂಸ್ ಸೈಜ್‌ಗಳು ಎಲ್ಲ ಒಂದೇ ಅಲ್ಲ, ಮಾಮೂಲಿ ಬ್ಲೇಡ್, ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ 2 ಅಂತ ಬೇರೆ ಬೇರೆ ಇವೆ, ಸ್ವಲ್ಪ ಹೆಚ್ಚುಕಮ್ಮಿ ಇರೋ ಟ್ಯಾಪ್ ಒತ್ತಿ ಕೂರಿಸಿದ್ರೆ ಕೂತ ಹಾಗೆ ಕಾಣತ್ತೆ, ಹಂಪ್ ಮೇಲೆ ಹೋದಾಗ ಸಡಿಲ ಆಗಿ ಲೈಟ್ ಹೋಗತ್ತೆ. ಹಳೇ ಫ್ಯೂಸ್ ಕಿತ್ತು ಟ್ಯಾಪ್ ಪಕ್ಕ ಇಟ್ಟು ಕಾಲಿನ ಅಗಲ, ಉದ್ದ ಎರಡೂ ಹೋಲಿಸಿ.

ಟ್ಯಾಪ್ ಯಾವ ದಿಕ್ಕಿಗೆ ಕೂತಿದೆ ಅನ್ನೋದೂ ಮುಖ್ಯ, ಇದನ್ನ ಯಾರೂ ನೋಡಲ್ಲ. ಫ್ಯೂಸ್ ಕಿತ್ತ ಮೇಲೆ ಆ ಎರಡು ತೂತಲ್ಲಿ ಒಂದರಲ್ಲಿ ಮಾತ್ರ 12 ವೋಲ್ಟ್ ಸಿಗತ್ತೆ, ಅದು ಸಪ್ಲೈ ಕಡೆ. ಟ್ಯಾಪ್‌ನ ಎರಡೂ ಫ್ಯೂಸ್‌ಗೆ ಕಾಮನ್ ಆಗಿರೋ ಕಾಲು ಆ ಕಡೆಗೇ ಹೋಗ್ಬೇಕು. ಉಲ್ಟಾ ಹಾಕಿದ್ರೂ ಲೈಟ್ ಉರಿಯತ್ತೆ, ಆದ್ರೆ ನಿಮ್ಮ ಲೈಟಿನ ಕರೆಂಟೂ ಕಾರಿನ ಒರಿಜಿನಲ್ ಫ್ಯೂಸ್ ಮೂಲಕಾನೇ ಹರಿಯತ್ತೆ, ಅದು ಹೋದ್ರೆ ಎರಡೂ ಹೋಯ್ತು. ಇನ್ನು ಯಾವ ಫ್ಯೂಸ್‌ಗೆ ಟ್ಯಾಪ್ ಹಾಕೋದು ಅಂದ್ರೆ, ಸಿಗರೇಟ್ ಲೈಟರ್ ಸಾಕೆಟ್‌ದು ಒಳ್ಳೇದು. ಏರ್‌ಬ್ಯಾಗ್, ಎಬಿಎಸ್, ಇಸಿಯು (ಇಂಜಿನ್ ನೋಡ್ಕೊಳೋ ಕಂಪ್ಯೂಟರ್), ಪವರ್ ಸ್ಟೀರಿಂಗ್, ಫ್ಯೂಲ್ ಪಂಪ್ ಇವುಗಳ ಫ್ಯೂಸ್ ಹತ್ರ ಹೋಗಲೇಬೇಡಿ.

ಟ್ಯಾಪ್ ಹತ್ರ ವೋಲ್ಟೇಜ್ ಇದೆ, ಆದ್ರೂ ಉರೀತಿಲ್ಲ ಅಂದ್ರೆ ಅರ್ಥ್ ನೋಡಿ. ನನ್ನ ಅನುಭವದಲ್ಲಿ ಇದೇ ನಂಬರ್ ಒನ್ ಕಾರಣ. ಕಪ್ಪು ವೈರನ್ನ ಕೈಗೆ ಸಿಕ್ಕ ಬೋಲ್ಟ್‌ಗೆ ಸುತ್ತಿರ್ತಾರೆ, ಆ ಬೋಲ್ಟ್ ಕೂತಿರೋದು ಪ್ಲಾಸ್ಟಿಕ್ ಬ್ರ್ಯಾಕೆಟ್ ಮೇಲೆ, ಇಲ್ಲಾ ಬಾಡಿ ಮೇಲೇ ಇದ್ರೂ ನಡುವೆ ಪೇಂಟ್ ಇರತ್ತೆ. ಪತ್ತೆ ಮಾಡೋದು ಹೀಗೆ: ಲೈಟ್ ಆನ್ ಇಟ್ಟು, ಮೀಟರ್‌ನ ಒಂದು ಪಿನ್ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕಂಟ್ರೋಲರ್‌ನ (ಕಿಟ್‌ನ ಬಣ್ಣ, ಬೆಳಕು ನೋಡ್ಕೊಳೋ ಪುಟ್ಟ ಡಬ್ಬಿ) ಮೈನಸ್ ವೈರ್‌ಗೆ. 0.1 ವೋಲ್ಟ್ ಆಸುಪಾಸು ಬಂದ್ರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂತು ಅಂದ್ರೆ ಅಷ್ಟು ವೋಲ್ಟೇಜ್ ಆ ಬೋಲ್ಟ್ ಹತ್ರಾನೇ ನಷ್ಟ ಆಗ್ತಿದೆ ಅಂತ. ಪೂರ್ತಿ 12 ಬಂದ್ರೆ ಅರ್ಥೇ ಇಲ್ಲ. ಕಾರ್ ಕಂಪನಿಯೋರೇ ಅರ್ಥ್‌ಗೆ ಅಂತ ಕೊಟ್ಟಿರೋ ಬೋಲ್ಟ್ ಕಿಕ್ ಪ್ಯಾನೆಲ್ (ಕಾಲಿಡೋ ಜಾಗದ ಪಕ್ಕದ ಪ್ಲಾಸ್ಟಿಕ್) ಹಿಂದೆ ಸಾಮಾನ್ಯವಾಗಿ ಇರತ್ತೆ, ವೈರ್ ತುದಿಗೆ ರಿಂಗ್ ಟರ್ಮಿನಲ್ (ಉಂಗುರದ ಥರದ ಲೋಹದ ತುಂಡು) ಒತ್ತಿ ಕೂರಿಸಿ ಅಲ್ಲಿಗೆ ಟೈಟ್ ಮಾಡಿ. ಸೀಟ್ ಬೆಲ್ಟ್ ಬೋಲ್ಟ್, ಏರ್‌ಬ್ಯಾಗ್ ಮಾಡ್ಯೂಲ್ ಬೋಲ್ಟ್ ಬೇಡ.

ಫ್ಯೂಸ್ ಪದೇ ಪದೇ ಹೋಗ್ತಿದ್ರೆ

ದೊಡ್ಡ ಫ್ಯೂಸ್ ಹಾಕಿ ನೋಡೋಣ ಅನ್ನೋ ಯೋಚನೆ ದಯವಿಟ್ಟು ಬಿಡಿ. ಒಂದು ಮೀಟರ್ ಉದ್ದದ, 5050 ಸೈಜ್ ಎಲ್‌ಇಡಿಯ ಸ್ಟ್ರಿಪ್, ಮೀಟರ್‌ಗೆ 60 ಎಲ್‌ಇಡಿ ಇರೋದು, ಪೂರ್ತಿ ಬ್ರೈಟ್ ಅಲ್ಲಿ 1.2 ಆಂಪ್ ಎಳೆಯತ್ತೆ. ಒಂದು ಹ್ಯಾಚ್‌ಬ್ಯಾಕ್‌ಗೆ ಫುಟ್‌ವೆಲ್, ಡ್ಯಾಶ್ ಎಲ್ಲ ಸೇರಿ 3 ಆಂಪ್ ಫ್ಯೂಸ್ ಸಾಕು, ಬಹಳ ಹಾಕಿದ್ರೆ 5. ಕಿಟ್ ಜೊತೆ ಬರೋ ಟ್ಯಾಪಲ್ಲಿ 10 ಆಂಪ್ ಇರತ್ತೆ ಎಷ್ಟೋ ಸಲ, ಅದರ ಕೂದಲೆಳೆ ವೈರ್ 10 ಆಂಪ್ ತಡ್ಕೊಳಲ್ಲ, ಕಾರ್ಪೆಟ್ ಅಡೀಲಿ ಶಾರ್ಟ್ ಆದ್ರೆ ಫ್ಯೂಸ್ ಹೋಗೋ ಮುಂಚೆ ವೈರೇ ಸುಟ್ಟು ಹೊಗೆ ಬರತ್ತೆ.

ಶಾರ್ಟ್ ಎಲ್ಲಿದೆ ಅಂತ ಹುಡುಕೋಕೇ ಆ 21 ವ್ಯಾಟ್ ಬಲ್ಬು. ನಿಮ್ಮ ಲೈಟಿನ ಫ್ಯೂಸ್ ಕಿತ್ತು ಆ ಜಾಗಕ್ಕೆ ಬಲ್ಬಿನ ಎರಡು ವೈರ್ ಸಿಗಿಸಿ. ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರಿಯತ್ತೆ, ಆದ್ರೆ ಕರೆಂಟ್ 2 ಆಂಪ್ ಆಸುಪಾಸಿಗಿಂತ ಮೇಲೆ ಹೋಗಲ್ಲ ಹಾಗಾಗಿ ಏನೂ ಸುಡಲ್ಲ. ಈಗ ಫ್ಯೂಸ್ ಬಾಕ್ಸಿಂದ ಶುರು ಮಾಡಿ ವೈರನ್ನ ಒಂದೊಂದು ಗೇಣು ಅಲ್ಲಾಡಿಸ್ತಾ ಹೋಗಿ, ಒಂದೊಂದೇ ಕನೆಕ್ಟರ್ ಬಿಚ್ತಾ ಹೋಗಿ, ಯಾವ ಜಾಗ ಮುಟ್ಟಿದಾಗ ಬಲ್ಬು ಆರತ್ತೋ ಅಥವಾ ಮಂಕಾಗತ್ತೋ ಅಲ್ಲೇ ಇದೆ ಶಾರ್ಟು. ಸೀಟ್ ರೈಲ್ ಕೆಳಗೆ, ಸ್ಕಫ್ ಪ್ಲೇಟ್ (ಡೋರ್ ಹೊಸ್ತಿಲ ಪಟ್ಟಿ) ಕ್ಲಿಪ್ ಹತ್ರ, ಗ್ಲೋವ್ ಬಾಕ್ಸ್ ಹಿಂದೆ ಮೊದಲು ನೋಡಿ.

ಮೂರು ಮೂರು ಎಲ್‌ಇಡಿ ಸಾಯೋದು

ಇದು ಸ್ಟ್ರಿಪ್ ಕಳಪೆ ಅಂತ ಎಲ್ಲರೂ ಬೈಯ್ಯೋ ಕಂಪ್ಲೇಂಟ್, ಆದ್ರೆ ಲೆಕ್ಕ ಹಾಕಿ ನೋಡಿದ್ರೆ ಬೇರೇನೇ ಗೊತ್ತಾಗತ್ತೆ. 12 ವೋಲ್ಟ್ ಸ್ಟ್ರಿಪ್ಪಲ್ಲಿ ಮೂರು ಎಲ್‌ಇಡಿ ಸಾಲಾಗಿ, ಜೊತೆಗೊಂದು ಪುಟ್ಟ ರೆಸಿಸ್ಟರ್ ಇರತ್ತೆ, ಕತ್ತರಿ ಗುರುತು ಮೂರಕ್ಕೊಂದು ಇರೋದು ಅದಕ್ಕೇ. ಬಿಳಿ ಸ್ಟ್ರಿಪ್ಪಲ್ಲಿ ಆ ರೆಸಿಸ್ಟರ್ ಮೇಲೆ ಕಣ್ಣಿಟ್ಟು ನೋಡಿದ್ರೆ 151 ಅಂತ ಬರೆದಿರೋದು ತುಂಬಾ ಕಡೆ ಸಿಗತ್ತೆ, ಅಂದ್ರೆ 150 ಓಮ್. ಒಂದು ಬಿಳಿ ಎಲ್‌ಇಡಿಗೆ 3.2 ವೋಲ್ಟ್ ಅಂತ ಇಟ್ಕೊಂಡ್ರೆ ಮೂರಕ್ಕೆ 9.6. ಸಪ್ಲೈ ಸರಿಯಾಗಿ 12 ಇದ್ರೆ ಉಳಿದ 2.4 ವೋಲ್ಟ್ ರೆಸಿಸ್ಟರ್ ಮೇಲೆ, ಕರೆಂಟ್ 16 ಮಿಲಿಆಂಪ್. ಅದೇ ಇಂಜಿನ್ ಓಡ್ತಿರುವಾಗ 14.4 ಬಂದ್ರೆ ರೆಸಿಸ್ಟರ್ ಮೇಲೆ 4.8, ಕರೆಂಟ್ 32 ಮಿಲಿಆಂಪ್. ಎಲ್‌ಇಡಿಯ ವೋಲ್ಟೇಜೂ ಸ್ವಲ್ಪ ಏರೋದ್ರಿಂದ ನಿಜದಲ್ಲಿ ಇದಕ್ಕಿಂತ ಒಂಚೂರು ಕಮ್ಮಿ, ಆದ್ರೂ ಹತ್ತಿರ ಹತ್ತಿರ ಡಬಲ್. ಮೇಲಿಂದ ಏಪ್ರಿಲ್ ಬಿಸಿಲಲ್ಲಿ ಗ್ಲಾಸ್ ಮುಚ್ಚಿ ನಿಲ್ಲಿಸಿರೋ ಕಾರಿನ ಡ್ಯಾಶ್‌ಬೋರ್ಡ್ ಬಿಸಿ. ಒಂದು ಎಲ್‌ಇಡಿ ಸೋತ್ರೆ ಅದರ ಸಾಲಿನ ಮೂರೂ ಆಫ್. ಹೊಸ ಸ್ಟ್ರಿಪ್ ತಂದು ಹಾಕಿದ್ರೂ ಇದೇ ಆಗತ್ತೆ.

ಪರಿಹಾರ ಅಂದ್ರೆ ನಡುವೆ ಒಂದು ಬಕ್ ಕನ್ವರ್ಟರ್ ಮಾಡ್ಯೂಲ್ (ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿ ಇಡೋ ಪುಟ್ಟ ಬೋರ್ಡು), ಎಲ್‌ಎಂ2596 ಅನ್ನೋ ಚಿಪ್ ಇರೋದು ಯಾವ ಎಲೆಕ್ಟ್ರಾನಿಕ್ಸ್ ಅಂಗಡೀಲೂ ಸಿಗತ್ತೆ. ಸ್ಟ್ರಿಪ್ ಕನೆಕ್ಟ್ ಮಾಡೋ ಮುಂಚೇನೇ ಅದರ ಮೇಲಿರೋ ಹಿತ್ತಾಳೆ ಸ್ಕ್ರೂ ತಿರುಗಿಸಿ ಔಟ್‌ಪುಟ್ 11.5 ವೋಲ್ಟ್‌ಗೆ ಸೆಟ್ ಮಾಡಿ, ಒಂದು ತೊಟ್ಟು ನೈಲ್ ಪಾಲಿಶ್ ಹಾಕಿ ಸ್ಕ್ರೂ ಲಾಕ್ ಮಾಡಿ, ಇಲ್ಲಾಂದ್ರೆ ಗಾಡಿ ಅದುರಿ ಅದುರಿ ಅದು ತಿರುಗತ್ತೆ. ಇಂಜಿನ್ ಆಫ್ ಇದ್ದಾಗ ಬೆಳಕು ಒಂಚೂರು ಕಮ್ಮಿ ಆಗ್ಬಹುದು, ಅದು ದೋಷ ಅಲ್ಲ.

ಸ್ಟ್ರಿಪ್‌ನ ಕೊನೇಲಿ ಬಣ್ಣ ಬದಲಾಗೋದು, ಒಂದೇ ಬಣ್ಣ ಆಫ್ ಆಗದೇ ಇರೋದು

ಬಿಳಿ ಸೆಟ್ ಮಾಡಿದ್ರೆ ಡ್ರೈವರ್ ಕಡೆ ಬಿಳಿ, ಹಿಂದಿನ ಸೀಟ್ ಹತ್ರ ಹಳದಿ ಅಥವಾ ಕೆಂಪು ಮಿಶ್ರ. ಆರ್‌ಜಿಬಿ (ಕೆಂಪು, ಹಸಿರು, ನೀಲಿ ಸೇರಿಸಿ ಬಣ್ಣ ಮಾಡೋ) ಸ್ಟ್ರಿಪ್ಪಲ್ಲಿ ನೀಲಿ, ಹಸಿರಿಗೆ 3 ವೋಲ್ಟ್‌ಗಿಂತ ಮೇಲೆ ಬೇಕು, ಕೆಂಪಿಗೆ 2 ಸಾಕು, ಹಾಗಾಗಿ ವೋಲ್ಟೇಜ್ ಇಳಿದಾಗ ಮೊದಲು ಮಂಕಾಗೋದು ನೀಲಿ ಹಸಿರು. ತೋಟದ ಡ್ರಿಪ್ ಲೈನಲ್ಲಿ ಕೊನೇ ಗಿಡಕ್ಕೆ ನೀರು ಕಮ್ಮಿ ಆಗೋ ಹಾಗೇ ಇದು, ಸಣ್ಣ ವೈರಲ್ಲಿ ಒಂದರಿಂದ ಒಂದಕ್ಕೆ ಸರಪಳಿ ಹಾಕಿದ್ರೆ ಕೊನೇದಕ್ಕೆ ಸಾಲಲ್ಲ. ಹಿಂದಿನ ಸ್ಟ್ರಿಪ್‌ಗೆ ಕಂಟ್ರೋಲರ್‌ನಿಂದಾನೇ ಸ್ವಲ್ಪ ದಪ್ಪ ವೈರ್ ಬೇರೆ ಎಳೀರಿ, ಸರಿ ಹೋಗತ್ತೆ.

ಕೆಂಪು ಮಾತ್ರ ಆಫೇ ಆಗ್ತಿಲ್ಲ, ಯಾವ ಬಣ್ಣ ಕೊಟ್ರೂ ಕೆಂಪು ಸೇರ್ಕೊಳತ್ತೆ ಅಂತ ಇದ್ರೆ ಇನ್ನೊಂದು ಕಥೆ. ಈ ಸ್ಟ್ರಿಪ್ಪಲ್ಲಿ ಪ್ಲಸ್ ಮೂರು ಬಣ್ಣಕ್ಕೂ ಕಾಮನ್, ಕಂಟ್ರೋಲರ್ ಕಟ್ ಮಾಡೋದು ಮೈನಸ್ ಕಡೆ. ಕೆಂಪಿನ ವೈರ್ ಎಲ್ಲೋ ಬಾಡಿಗೆ ತಾಗಿದ್ರೆ ಅದಕ್ಕೆ ಯಾವಾಗಲೂ ಮೈನಸ್ ಸಿಗ್ತಾನೇ ಇರತ್ತೆ. ಫ್ಯೂಸ್ ಹೋಗಲ್ಲ, ಅದಕ್ಕೇ ಇದು ಶಾರ್ಟ್ ಅಂತ ಯಾರಿಗೂ ಅನ್ಸಲ್ಲ. ಸ್ಟ್ರಿಪ್‌ನ ಕಂಟ್ರೋಲರ್‌ನಿಂದ ಬಿಚ್ಚಿ, ಮೀಟರ್ ಬೀಪ್‌ಗೆ ಇಟ್ಟು ಆ ಕೆಂಪು ಲೈನ್‌ಗೂ ಬಾಡಿಗೂ ಹಿಡೀರಿ. ಬೀಪ್ ಅಂದ್ರೆ ವೈರ್ ಚಿವುಟಿಕೊಂಡಿದೆ, ಬೀಪ್ ಬರ್ಲಿಲ್ಲ ಅಂದ್ರೆ ಕಂಟ್ರೋಲರ್ ಒಳಗಿನ ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡೋ ಬಿಡಿಭಾಗ) ಹೋಗಿದೆ, ಕಂಟ್ರೋಲರ್ ಬದಲಾಯಿಸಿ.

ಡೋರ್ ತೆಗೆದ್ರೆ ಹೋಗತ್ತೆ

ಶಿವಮೊಗ್ಗದಲ್ಲಿ ನಮ್ಮ ಭಾವನ ಕಾರಲ್ಲಿ ಇದೇ ಇತ್ತು. "ಡೋರ್ ಅರ್ಧ ತೆಗೆಯೋವರೆಗೂ ಉರಿಯತ್ತೆ ಕಣೋ, ಪೂರ್ತಿ ತೆಗೆದ್ರೆ ಆಫ್, ಸ್ವಿಚ್ ಏನಾದ್ರೂ ಹಾಕಿದಾನಾ ಅವನು?" ಅಂತ ಕೇಳಿದ್ರು. ಸ್ವಿಚ್ ಅಲ್ಲ ಭಾವ, ವೈರ್ ಒಳಗೆ ತುಂಡಾಗಿದೆ ಅಂದೆ, ನಂಬಲಿಲ್ಲ, ಯಾಕಂದ್ರೆ ಹೊರಗಿಂದ ವೈರ್ ಹೊಸದರ ಹಾಗೇ ಇತ್ತು. ಡೋರ್‌ಗೂ ಬಾಡಿಗೂ ನಡುವೆ ಇರೋ ಕಪ್ಪು ರಬ್ಬರ್ ಬೂಟ್ ಒಂದು ಕಡೆಯಿಂದ ಬಿಡಿಸಿ, ಒಳಗಿನ ವೈರನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ತೋರಿಸ್ದೆ. ತಾಮ್ರ ಸರಿ ಇದ್ರೆ ವೈರ್ ಎಳೆದ್ರೂ ಅಷ್ಟೇ ಉದ್ದ ಇರತ್ತೆ, ಒಳಗೆ ತಾಮ್ರ ಕಟ್ ಆಗಿದ್ರೆ ಆ ಜಾಗದಲ್ಲಿ ಪ್ಲಾಸ್ಟಿಕ್ ಮಾತ್ರ ಉಳಿದಿರತ್ತೆ, ಎಳೆದ ತಕ್ಷಣ ಅಲ್ಲಿ ಸಣ್ಣಗಾಗಿ ಉದ್ದ ಆಗತ್ತೆ. ಹೀಗೆ ಹುಡುಕಿದ್ರೆ ಮೀಟರೂ ಬೇಡ.

ಕಾರಣ ಏನಪ್ಪ ಅಂದ್ರೆ ಕಿಟ್‌ನ ವೈರಲ್ಲಿ ಎಳೆಗಳು ಕಮ್ಮಿ, ದಿನಾ ಮಡಚಿ ಮಡಚಿ ಮುರಿಯತ್ತೆ. ಆ ಜಾಗಕ್ಕೆ ಸಿಲಿಕೋನ್ ಇನ್ಸುಲೇಷನ್ ಇರೋ, ಸಣ್ಣ ಸಣ್ಣ ಎಳೆ ತುಂಬಾ ಇರೋ ವೈರ್ ಹಾಕಿ, ಜಾಯಿಂಟ್ ಮಾತ್ರ ಬೂಟ್ ಒಳಗೆ ಬೇಡ, ಒಂದು ಗೇಣು ಆಚೆಗೆ ಡೋರ್ ಒಳಗೆ ಬರಲಿ. ಬೂಟ್ ವಾಪಸ್ ಸರಿಯಾಗಿ ಕೂರಿಸಿ, ಮಲೆನಾಡಿನ ಮಳೇಲಿ ಅಲ್ಲಿ ಸಣ್ಣ ಸಂದಿ ಬಿಟ್ರೂ ನೀರು ವೈರ್ ಹಿಡ್ಕೊಂಡು ಸೀದಾ ಒಳಗೆ ಬರತ್ತೆ. ಡೋರ್ ಒಳಗೆ ವೈರ್‌ನ ಗ್ಲಾಸ್ ಇಳಿಯೋ ದಾರಿಯಿಂದ ದೂರ ಕಟ್ಟಿ, ಗ್ಲಾಸ್ ಪೂರ್ತಿ ಇಳಿಸಿ ಏರಿಸಿ ನೋಡಿ ಆಮೇಲೆ ಡೋರ್ ಪ್ಯಾಡ್ ಹಾಕಿ.

ಮಿಣಮಿಣ ಅನ್ನೋದು, ಆಫ್ ಮಾಡಿದ್ರೂ ಮಂಕಾಗಿ ಉರಿಯೋದು

ರೂಮ್ ಲ್ಯಾಂಪ್ ಅಥವಾ ಮೀಟರ್ ಕನ್ಸೋಲ್ ಬೆಳಕಿನ ಲೈನ್‌ನಿಂದ ಸಪ್ಲೈ ತಗೊಂಡಿದ್ರೆ ಈ ಎರಡೂ ಬರತ್ತೆ. ಈಗಿನ ಕಾರುಗಳಲ್ಲಿ ಆ ಲೈನ್‌ನ ಬಿಸಿಎಂ ಅನ್ನೋ ಬಾಡಿ ಕಂಟ್ರೋಲ್ ಮಾಡ್ಯೂಲ್ ನೋಡ್ಕೊಳತ್ತೆ, ಬೆಳಕು ಕಮ್ಮಿ ಮಾಡೋಕೆ ಕರೆಂಟನ್ನ ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡತ್ತೆ. ಕಿಟ್‌ನ ಕಂಟ್ರೋಲರೂ ತನ್ನ ಪಾಡಿಗೆ ಅದನ್ನೇ ಮಾಡತ್ತೆ, ಎರಡೂ ಸೇರಿ ಮಿಣುಕು, ಬ್ಲೂಟೂತ್ ಇರೋ ಕಂಟ್ರೋಲರ್ ಆದ್ರೆ ಪದೇ ಪದೇ ರೀಸೆಟ್. ಆ ಲೈನ್‌ನ ಮೀಟರಲ್ಲಿ ಅಳೆದ್ರೆ 12ರ ಬದಲು 7, 8, 9 ಅಂತ ಏನೋ ಬರತ್ತೆ, ಅದೇ ಗುರುತು. ಎಸಿಸಿ ಫ್ಯೂಸ್‌ಗೆ ಸಪ್ಲೈ ಬದಲಾಯಿಸಿದ್ರೆ ಮುಗೀತು. ರೂಮ್ ಲ್ಯಾಂಪ್‌ನ ಪ್ಲಸ್ ತಗೊಂಡು ಮೈನಸ್ ಬಾಡಿಗೆ ಕೊಟ್ಟು, ಲೈಟ್ ಆರೋದೇ ಇಲ್ಲ ಅಂತ ತಲೆ ಕೆಡಿಸ್ಕೊಂಡೋರನ್ನೂ ನೋಡಿದೀನಿ, ಎಷ್ಟೋ ಕಾರಲ್ಲಿ ಅದರ ಪ್ಲಸ್ ಡೈರೆಕ್ಟ್ ಸಪ್ಲೈ (ಕೀ ಆಫ್ ಇದ್ರೂ ಬರ್ತಾನೇ ಇರತ್ತೆ), ಡೋರ್ ಸ್ವಿಚ್ ಕಟ್ ಮಾಡೋದು ಅರ್ಥ್ ಮಾತ್ರ.

ಕಾರ್ ಲಾಕ್ ಮಾಡಿದ ಮೇಲೂ ಕತ್ತಲಲ್ಲಿ ಮಾತ್ರ ಕಾಣೋ ಅಷ್ಟು ಮಂಕು ಬೆಳಕು ಇದ್ರೆ ಬಿಸಿಎಂ ಲೈನಲ್ಲಿ ಸೋರೋ ಒಂದೆರಡು ಮಿಲಿಆಂಪ್ ಕರೆಂಟು ಅದು, ಹಳೇ ಬಲ್ಬಿಗೆ ಅದು ಸಾಲ್ತಿರಲಿಲ್ಲ, ಎಲ್‌ಇಡಿಗೆ ಸಾಕು. ಸಪ್ಲೈ ಬದಲಾಯಿಸೋಕೆ ಆಗಲ್ಲ ಅಂದ್ರೆ ಪ್ಲಸ್ ಮೈನಸ್ ಅಡ್ಡ 1 ಕಿಲೋ ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಒಂದು ಹಾಕಿ.

ಬ್ಯಾಟರಿ ಡೌನ್ ಆಗ್ತಿದ್ರೆ

ಟ್ಯಾಪ್ ಡೈರೆಕ್ಟ್ ಸಪ್ಲೈ ಫ್ಯೂಸ್‌ಗೆ ಬಿದ್ದಿದೆ ಅಂತ ಮೊದಲ ಅನುಮಾನ. ಲೈಟ್ ಆಫ್ ಇದ್ರೂ ಬ್ಲೂಟೂತ್ ಕಂಟ್ರೋಲರ್ ಫೋನ್ ಬರತ್ತಾ ಅಂತ ಕಾಯ್ತಾನೇ ಇರತ್ತೆ. 20 ಮಿಲಿಆಂಪ್ ಎಳೀತಿದೆ ಅಂತ ಇಟ್ಕೊಳ್ಳಿ, ತಿಂಗಳಿಗೆ 14.4 ಆಂಪ್ ಅವರ್ ಆಯ್ತು, ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರೀಲಿ ಐದರಲ್ಲಿ ಎರಡು ಭಾಗ ಅದೇ ತಿಂತು. ದಿನಾ ಓಡಿಸೋರಿಗೆ ಗೊತ್ತೇ ಆಗಲ್ಲ, ಬೇಸ್‌ಮೆಂಟಲ್ಲಿ ನಿಲ್ಲಿಸಿ ಹೋಗೋರಿಗೆ ಗೊತ್ತಾಗತ್ತೆ.

ಅಳೆಯೋದಾದ್ರೆ ಬ್ಯಾಟರಿ ಮೈನಸ್ ಬಿಚ್ಚಿ, ಮೀಟರ್ 10 ಆಂಪ್ ತೂತಿಗೆ ಪಿನ್ ಹಾಕಿ, ಬ್ಯಾಟರಿ ಪೋಸ್ಟ್‌ಗೂ ಬಿಚ್ಚಿದ ಕ್ಲಾಂಪ್‌ಗೂ ನಡುವೆ ಇಡಿ. ಕಾರ್ ಲಾಕ್ ಮಾಡಿ ಅರ್ಧ ಗಂಟೆ ಬಿಡಿ, ಒಳಗಿನ ಮಾಡ್ಯೂಲ್‌ಗಳು ಮಲಗೋಕೆ ಟೈಮ್ ಬೇಕು. 50 ಮಿಲಿಆಂಪ್ ಒಳಗೆ ಬಂದ್ರೆ ಸಾಮಾನ್ಯವಾಗಿ ಓಕೆ. ಜಾಸ್ತಿ ಇದ್ರೆ ನಿಮ್ಮ ಟ್ಯಾಪ್‌ನ ಫ್ಯೂಸ್ ಕೀಳಿ, ಎಷ್ಟು ಇಳೀತೋ ಅಷ್ಟು ನಿಮ್ಮ ಲೈಟಿಂದು. ಮೀಟರ್ ನಡುವೆ ಇರೋವಾಗ ಸ್ಟಾರ್ಟ್ ಹೊಡೀಬೇಡಿ, ಡೋರೂ ತೆಗೀಬೇಡಿ, ಅಗ್ಗದ ಮೀಟರ್‌ಗಳಲ್ಲಿ ಆ 10 ಆಂಪ್ ತೂತಿಗೆ ಎಷ್ಟೋ ಸಲ ಒಳಗೆ ಫ್ಯೂಸೇ ಇರಲ್ಲ.

ಎಫ್‌ಎಂ ಗೊರಗೊರ

ಬಕ್ ಕನ್ವರ್ಟರ್, ಕಂಟ್ರೋಲರ್ ಎರಡೂ ರೇಡಿಯೋ ಗಲಾಟೆ ಮಾಡತ್ತೆ. ಬೆಂಗಳೂರಲ್ಲಿ 101.3 ರೇನ್‌ಬೋ ಹಾಕಿ, ಊರ ಹೊರಗೆ ಸಿಗ್ನಲ್ ಸ್ವಲ್ಪ ಕಮ್ಮಿ ಇರೋ ಕಡೆ ಲೈಟ್ ಆನ್ ಆಫ್ ಮಾಡಿ, ಗಲಾಟೆ ಹೋಗಿ ಬಂದ್ರೆ ಲೈಟಿಂದೇ. ಕೆಲವು ಕಾರಲ್ಲಿ ರಿಮೋಟ್ ಕೀ ಹತ್ರ ಹೋದ್ರೆ ಮಾತ್ರ ಕೆಲಸ ಮಾಡತ್ತೆ, ಅದಕ್ಕೂ ಇದೇ ಕಾರಣ ಇರಬಹುದು. ಮಾಡ್ಯೂಲ್‌ನ ಸ್ಟೀರಿಯೋದಿಂದ, ಆಂಟೆನಾ ಕೇಬಲ್‌ನಿಂದ ದೂರ ಇಡಿ, ಪ್ಲಸ್ ಮೈನಸ್ ಎರಡನ್ನೂ ಒಟ್ಟಿಗೆ ಹೆಣೆದು ಎಳೀರಿ, ಕ್ಲಿಪ್ ಮಾಡೋ ಫೆರೈಟ್ (ಈ ಗಲಾಟೆ ತಡೆಯೋ ತುಂಡು) ಸಿಗತ್ತೆ, ಅದರೊಳಗೆ ವೈರ್ ಎರಡು ಸುತ್ತು ಹಾಕಿ ಮಾಡ್ಯೂಲ್ ಹತ್ತಿರಾನೇ ಇಡಿ. ಇಷ್ಟಕ್ಕೂ ಹೋಗ್ಲಿಲ್ಲ ಅಂದ್ರೆ ಕನ್ವರ್ಟರ್ ಬೇರೆ ಹಾಕೋದೇ ದಾರಿ.

ಓಡೋ ಬಣ್ಣದ ಸ್ಟ್ರಿಪ್, ಅಕ್ರಿಲಿಕ್ ಪಟ್ಟಿ

ಡಬ್ಲ್ಯುಎಸ್2812ಬಿ ಥರದ, ಒಂದೊಂದು ಎಲ್‌ಇಡಿಗೆ ಒಂದೊಂದು ಬಣ್ಣ ಕೊಡೋ ಸ್ಟ್ರಿಪ್ 5 ವೋಲ್ಟ್‌ದು, 12ಕ್ಕೆ ಕೊಟ್ರೆ ಆ ಕ್ಷಣಾನೇ ಹೋಯ್ತು. ಮೇಲೆ ಬಾಣದ ಗುರುತು ಇರತ್ತೆ, ಡೇಟಾ (ಬಣ್ಣ ಹೇಳೋ ಸಿಗ್ನಲ್) ಆ ದಿಕ್ಕಿಗೇ ಹೋಗ್ಬೇಕು. ಒಂದು ಜಾಗದವರೆಗೆ ಸರಿಯಾಗಿದ್ದು ಆಮೇಲಿಂದು ಆಫ್ ಇಲ್ಲಾ ಹುಚ್ಚು ಬಣ್ಣ ಅಂದ್ರೆ, ಸರಿಯಿರೋ ಕೊನೇ ಎಲ್‌ಇಡಿ ಅಥವಾ ಅದರ ಮುಂದಿಂದು, ಎರಡರಲ್ಲಿ ಒಂದು ಹೋಗಿದೆ, ಎರಡನ್ನೂ ಕತ್ತರಿಸಿ ಬೆಸುಗೆ ಹಾಕಿ. ಪೂರ್ತಿ ಹುಚ್ಚು ಬಣ್ಣ ಕುಣೀತಿದ್ರೆ ಕಂಟ್ರೋಲರ್‌ನ ಮೈನಸ್, ಸ್ಟ್ರಿಪ್‌ನ ಮೈನಸ್ ಒಂದಕ್ಕೊಂದು ಸೇರಿದ್ಯಾ ನೋಡಿ.

ಡ್ಯಾಶ್‌ಬೋರ್ಡ್ ಸಂದೀಲಿ ಕೂರಿಸೋ ತೆಳು ಅಕ್ರಿಲಿಕ್ ಪಟ್ಟೀಲಿ ಎಲ್‌ಇಡಿ ಇರೋದು ತುದೀಲಿ ಮಾತ್ರ, ಬೆಳಕು ಪಟ್ಟಿ ಒಳಗೆ ಹರಿಯತ್ತೆ. ಅರ್ಧದಿಂದ ಆಚೆ ಮಂಕಾಗಿದ್ರೆ ವೈರ್ ಹುಡುಕ್ತಾ ಕೂರಬೇಡಿ. ಬಿಸಿಲಿಗೆ ಪಟ್ಟಿ ಎಲ್‌ಇಡಿ ಹೆಡ್‌ನಿಂದ ಅಕ್ಕಿಕಾಳಷ್ಟು ಹೊರಗೆ ಜಾರಿರತ್ತೆ, ಇಲ್ಲಾ ತುದಿ ಓರೆಯಾಗಿ ಕತ್ತರಿಸಿರ್ತಾರೆ. ಹೊಸ ಬ್ಲೇಡಲ್ಲಿ ನೇರವಾಗಿ ಕತ್ತರಿಸಿ ಹೆಡ್ ಒಳಗೆ ಪೂರ್ತಿ ತಳ್ಳಿ. ಒಂದು ಚುಕ್ಕೆ ಮಾತ್ರ ತುಂಬಾ ಬ್ರೈಟ್ ಇದ್ರೆ ಅಲ್ಲಿ ಗೀರು ಬಿದ್ದು ಬೆಳಕು ಆಚೆ ಬರ್ತಿದೆ, ಅಷ್ಟು ತುಂಡು ಬದಲಾಯಿಸ್ಬೇಕು.

ಅಂಟು ಬಿಟ್ಟಿದ್ರೆ ಫೆವಿಕ್ವಿಕ್ ಹಾಕ್ಬೇಡಿ, ಸುತ್ತ ಬಿಳಿ ಮಂಜು ಕಟ್ಟಿ ಪ್ಲಾಸ್ಟಿಕ್ ಹಾಳಾಗತ್ತೆ. ಡ್ಯಾಶ್ ಪಾಲಿಶ್‌ನ ಜಿಡ್ಡನ್ನ ಐಸೋಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ 3ಎಂ ವಿಎಚ್‌ಬಿ ಟೇಪ್ ಹಾಕಿ. ಜಾಯಿಂಟ್‌ಗೆ ಹೀಟ್ ಶ್ರಿಂಕ್, ಮಾಮೂಲಿ ಇನ್ಸುಲೇಷನ್ ಟೇಪ್ ಬಿಸಿಲಿಗೆ ಅಂಟು ಕರಗಿ ಬಿಚ್ಕೊಳತ್ತೆ.

ಎಲ್ಲ ಸರಿ ಹೋದ ಮೇಲೆ ಪ್ಯಾನೆಲ್ ಮುಚ್ಚೋ ಮುಂಚೆ ರಾತ್ರಿ ಡ್ರೈವರ್ ಸೀಟಲ್ಲಿ ಕೂತು ನೋಡಿ. ಮುಂದಿನ ಗ್ಲಾಸಲ್ಲೋ ಬಲಗಡೆ ಕನ್ನಡಿ ನೋಡೋ ಕಿಟಕೀಲೋ ಸ್ಟ್ರಿಪ್ ಪ್ರತಿಬಿಂಬ ಕಂಡ್ರೆ ಅದೂ ಒಂದು ದೋಷಾನೇ, ಬೀದಿ ದೀಪ ಇಲ್ಲದ ಹೈವೇಲಿ ಅಡ್ಡ ಬರೋ ಮನುಷ್ಯ, ದನ ಕಾಣಲ್ಲ. ಎಲ್‌ಇಡಿ ನೇರ ಕಣ್ಣಿಗೆ ಬೀಳದ ಹಾಗೆ ಒಳಗೆ ಸರಿಸಿ, ಗಾಡಿ ಓಡಿಸೋವಾಗ ಬ್ರೈಟ್‌ನೆಸ್ 10, 20 ಪರ್ಸೆಂಟ್‌ಗೆ ಇಳಿಸಿ, ಬಣ್ಣ ನೀಲಿ ಬದಲು ಕೆಂಪು ಅಥವಾ ಅಂಬರ್ ಇಡಿ.